ಎತ್ತಿನ ಮುಖ

ಸಿದ್ಧಲಿಂಗೇಶ್ ಕೆಮ್ಮಣ್ಣಿನಲ್ಲಿ ಅದ್ದಿದ ಬಟ್ಟೆಯನ್ನು ಗೋಡೆಯ ಚಿತ್ತಾರ ಅಳಿಸಲು ಚಾಚಿದಾಗ ಹೂವಮ್ಮ ಏಣಿಯಿಂದ ಇಳಿದು ಅಡ್ಡ ನಿಂತಳು. ಅವಳ ನಾರಿನ ಕುಂಚದಿಂದ ಅಕ್ಕಿಹಿಟ್ಟಿನ ಬಿಳಿ ಅವನ ಅಂಗಿಗೆ ತಾಗಿತು.

"ಊರಿನ ಇತಿಹಾಸ ಬರೀರಿ ಅಂದಿದ್ದೆ. ಕೆರೆ, ಸಂತಿ ಎಲ್ಲಾ ಚಲೋ ಐತಿ. ಈ ಗಾಡಿ ಯಾಕ್ರೀ ಹೂವಮ್ಮ?"

"ಅದೂ ಊರಿಂದೇ ಅಲ್ದಾ?"

ಚಿತ್ತಾರದ ಅಂಚಿನಲ್ಲಿ ಒಂದು ಎತ್ತಿನ ಗಾಡಿ ಊರು ಬಿಟ್ಟು ಸೊರಬದ ದಾರಿ ಹಿಡಿದಿತ್ತು. ಅದರಲ್ಲಿ ಒರಳುಕಲ್ಲು, ಕೋಳಿಬುಟ್ಟಿ, ಮಗುವನ್ನು ಅವಚಿಕೊಂಡ ಹೆಂಗಸು. ಸಿದ್ಧಲಿಂಗೇಶನ ಅಜ್ಜ ಹೊಲ ಬಿಡಿಸಿ ಓಡಿಸಿದ ಗೇಣಿದಾರರ ಗಾಡಿ ಅದು. ಆ ಮಗು ಹೂವಮ್ಮ. ಅದೇ ಹೊಲದಲ್ಲಿ ಈಗ ಅಜ್ಜನ ಹೆಸರಿನ ಈ ಸಮುದಾಯ ಭವನ ಎದ್ದಿತ್ತು. ನಾಳೆ ಉದ್ಘಾಟನೆ, ಶಿರಾಳಕೊಪ್ಪದಿಂದ ಬೀಗರೂ ಬರುವವರಿದ್ದರು.

"ನಮ್ಮಜ್ಜನ ಮರ್ಯಾದಿ ಅವನ ಗೋಡಿ ಮ್ಯಾಲೇ ತೆಗೀತೀರಲ್ರೀ."

"ನಿಮ್ಮಜ್ಜನ್ನ ನಾನು ಬರ್ದೇ ಇಲ್ಲ ಮಾರಾಯ್ರೇ. ಗಾಡಿ ಅಷ್ಟೇ ಬರ್ದಿದ್ದು."

ಬಾಗಿಲಲ್ಲಿ ಶಾಮಿಯಾನ ಕಟ್ಟುತ್ತಿದ್ದವರು ಕೆಲಸ ನಿಲ್ಲಿಸಿ ಇತ್ತ ನೋಡಿದರು. ಅವನು ಬಟ್ಟೆಯನ್ನು ಬಕೆಟ್ಟಿಗೆ ಎಸೆದು ದನಿ ತಗ್ಗಿಸಿದ.

"ಅಳಿಸೋದು ಬ್ಯಾಡ. ಎತ್ತಿನ ಮುಖ ಊರ ಕಡಿ ತಿರುಗಿಸ್ರಿ, ಸಾಕು. ಊರಿಗೆ ಬರೋರು ಅಂದ್ಕೊಂತಾರ. ಕೆಳಗ ನಿಮ್ಮ ಹೆಸರು ದೊಡ್ಡದಾಗಿ ಹಾಕಸ್ತೀನಿ. ನಾಳಿ ಎಲ್ಲರ ಮುಂದ ಶಾಲು ಹೊದಿಸಿ ಸನ್ಮಾನ ಮಾಡ್ತೀನಿ."

ಚಿತ್ತಾರದ ಬಿಳಿ ಎಳೆಗಳು ಇನ್ನೂ ಹಸಿಯಿದ್ದವು. ಒಣಗುವ ಮೊದಲು ತಿದ್ದಿದರೆ ಗುರುತೂ ಉಳಿಯದು. ಅದು ಇಬ್ಬರಿಗೂ ಗೊತ್ತಿತ್ತು. ಹೂವಮ್ಮ ಎತ್ತುಗಳನ್ನೊಮ್ಮೆ ನೋಡಿ ಕುಂಚವನ್ನು ಸೆರಗಿಗೆ ಒರೆಸಿಕೊಂಡಳು.

"ತಿರುಗ್ಸಲ್ಲ," ಎಂದಳು.