ಪಾಯಖಾನೆಗೆ ಜೋಡಿಸಿದ ಪೈಪು

ಬೇವೂರಿನ ಮಾಯವ್ವನ ಕಣ್ಣು ಹೊಗೆ ಕುಡಿದೇ ಹಾಳಾಗಿವೆ ಎಂದು ಬಾಗಲಕೋಟೆಯ ಡಾಕ್ಟರು ಹೇಳಿದ ಮೇಲೆ, ಅವಳ ಗಂಡ ಹುಲ್ಲಪ್ಪ ಹಿತ್ತಲಲ್ಲಿ ಗೋಬರ್ ಗ್ಯಾಸಿನ ಗುಂಡಿ ಕಟ್ಟಿಸಿದ. ಎರಡು ಸಾವಿರದ ಇಸವಿಯ ಆಚೀಚೆಯ ಮಾತು. ಹತ್ತಿಕಟ್ಟಿಗೆ, ಸಗಣಿಯ ಕುಳ್ಳು ಒಟ್ಟಿ, ಊದುಗೊಳವೆ ಹಿಡಿದು ಕೆಮ್ಮುತ್ತ ರೊಟ್ಟಿ ಬಡಿದವಳಿಗೆ, ಗ್ಯಾಸಿನ ಒಲೆಯ ಚಾವಿ ತಿರುವಿದ ಕೂಡಲೇ ಎದ್ದ ನೀಲಿ ಉರಿ ಕಂಡು ನಗು ತಡೆಯಲಾಗಲಿಲ್ಲ.

ಆದರೆ ಎರಡು ಎಮ್ಮೆಗಳ ಸಗಣಿ ಎಷ್ಟಕ್ಕೆ ಸಾಕು? ಬೆಳಗಿನ ರೊಟ್ಟಿ ಮುಗಿಯುವುದರೊಳಗೆ ಉರಿ ಸಣ್ಣಗಾಗುತ್ತಿತ್ತು. ಗುಂಡಿ ಕಟ್ಟಿದ ಗೌಂಡಿ ಅಕ್ಬರಸಾಬ ಒಂದು ದಾರಿ ಹೇಳಿದ.

"ಒಂದು ಪಾಯಖಾನಿ ಕಟ್ಟಸ್ರಿ, ಅದರ ಪೈಪ್ ಈ ಗುಂಡಿಗಿ ಕೊಡ್ರಿ. ಗ್ಯಾಸೂ ಆತು, ಹೊಲಕ್ಕ ಗೊಬ್ಬರಾನೂ ಆತು. ವಾಸನಿ ಏನೂ ಬರಂಗಿಲ್ಲ."

ಹುಲ್ಲಪ್ಪ ಹಿಂದೆಮುಂದೆ ನೋಡಿದ. "ಮಂದಿ ಏನಂದಾರು?"

"ಮಂದಿ ಬಂದು ನಮ್ಮ ಒಲಿ ಊದತಾರೇನ್ರಿ?" ಅಂದಳು ಮಾಯವ್ವ. "ಮಗಳೂ ನಸುಕಿನ್ಯಾಗ ತಂಬಗಿ ಹಿಡಕೊಂಡು ಬೇಲಿ ಮರಿಗಿ ಹೋಗೂದು ತಪ್ಪತೈತಿ. ಜೋಡಸ್ರಿ."

ಜೋಡಿಸಿದರು. ಪೈಪು ಹೂಳುವ ದಿನ ಹುಲ್ಲಪ್ಪನ ದೊಡ್ಡಪ್ಪನ ಮಗ ಅಮಸಿದ್ದಪ್ಪ ಕಟ್ಟೆಯ ಮೇಲೆ ಕೂತು, ಇಳಿಜಾರು ಸಾಲದು, ಇನ್ನೊಂದಿಷ್ಟು ಅಗಿಯಿರಿ ಎಂದು ಹೇಳಿಕೊಟ್ಟ. ಆಮೇಲೆ ದಿನಾ ಮುಂಜಾನೆ ಅದೇ ಒಲೆಯ ಚಹಾ ಕುಡಿದು ಹೋದ.

ಮರುವರ್ಷ ಮಗಳು ಮಹಾದೇವಿಗೆ ಹುನಗುಂದದ ಕಡೆಯ ಸಂಬಂಧ ಬಂತು. ಹುಡುಗ ಹಣಮೇಶ ಬಸ್ ಕಂಡಕ್ಟರು. ಅಮಸಿದ್ದಪ್ಪನೂ ತನ್ನ ಮಗಳಿಗೆ ಅವನನ್ನು ಕೇಳಿ ನೋಡಿದ್ದ, ಅವರು ಒಪ್ಪಿರಲಿಲ್ಲ. ನಿಶ್ಚಯದ ದಿನ ಮಾಯವ್ವ ಗ್ಯಾಸಿನ ಒಲೆಯ ಮೇಲೆ ಒಬ್ಬಳೇ ಹೋಳಿಗೆ ಬೇಯಿಸಿದಳು. ಹೊಗೆಯಿಲ್ಲ, ಕಣ್ಣಲ್ಲಿ ಒಂದು ಹನಿ ನೀರಿಲ್ಲ. ಬೀಗರು ಸಾಲಾಗಿ ಕೂತು ಉಂಡರು. ಹುಡುಗನ ತಾಯಿ ಪದ್ಮವ್ವ ಎರಡನೆಯ ಹೋಳಿಗೆ ಹಾಕಿಸಿಕೊಂಡು, "ಇಷ್ಟ ಮೆತ್ತಗ ಹೆಂಗ ಬೇಸಿದ್ರಿ?" ಎಂದು ಕೇಳಿದಳು.

ಬಾಯಿ ತೆರೆದವನು ಸಾಲಿನ ಕೊನೆಗೆ ಕೂತಿದ್ದ ಅಮಸಿದ್ದಪ್ಪ.

"ಉರಿ ಅಂಥಾದೈತಿ ನೋಡ್ರಿ ಬೀಗತಿ. ಮುಂಜಾನಿ ಇವರು ಹೇತದ್ದು ಮಧ್ಯಾಹ್ನ ಒಲಿಗಿ ಬರತೈತಿ."

ಮೊದಲು ಯಾರಿಗೂ ತಿಳಿಯಲಿಲ್ಲ. ಅವನೇ ಎದ್ದು ಅವರನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಪಾಯಖಾನೆ ತೋರಿಸಿದ, ಗುಂಡಿ ತೋರಿಸಿದ, ಗೋಡೆ ಹಿಡಿದು ಅಡುಗೆಮನೆಗೆ ಹೋಗುವ ಪೈಪು ತೋರಿಸಿದ. ಪದ್ಮವ್ವ ಬಾಯಿಗೆ ಬೆರಳು ಹಾಕಿ ಗೋಡೆಯ ಬುಡಕ್ಕೆ ಎಲ್ಲ ಕಕ್ಕಿದಳು. ಉಳಿದವರು ಕೈ ಕೂಡ ತೊಳೆಯಲಿಲ್ಲ, ಈ ಮನೆಯ ನೀರು ಬೇಡವೆಂದು ಎಂಜಲು ಕೈಯಲ್ಲೇ ಜೀಪು ಹತ್ತಿದರು. ಮಹಾದೇವಿಗೆ ಉಡಿಸಿದ್ದ ಸೀರೆಯನ್ನು ಅಲ್ಲೇ ಬಿಚ್ಚಿಸಿಕೊಂಡು, ಕೋಲಿನ ತುದಿಗೆ ಸಿಕ್ಕಿಸಿಕೊಂಡು ಒಯ್ದರು.

"ಪೈಪ್ ಹೂಳುವಾಗ ನೀನೂ ಇದ್ದೆಲ್ಲೋ ಅಣ್ಣಾ! ದಿನಾ ಚಾ ಕುಡದೀಯಲ್ಲೋ!" ಎಂದು ಹುಲ್ಲಪ್ಪ ಚೀರಿದ.

"ನನಗೇನ ಗೊತ್ತು? ನೀವು ಹೇಳದ ಕುಡಿಸಿದ್ರಿ," ಅಂದ ಅಮಸಿದ್ದಪ್ಪ. ಜನ ಅವನ ಮಾತನ್ನೇ ನಂಬಿದರು.

ಬೀರಪ್ಪನ ಗುಡಿಯ ಕಟ್ಟೆಗೆ ಹಿರಿಯರು ಸೇರಿದರು. ಗುಂಡಿ ಮುಚ್ಚುವ ತನಕ ಆ ಮನೆಯ ಎಡೆ ದೇವರಿಗೆ ಬೇಡ, ಯಾರೂ ಅವರ ಹೊಸ್ತಿಲು ತುಳಿಯಬಾರದು ಎಂದಾಯಿತು. ಗುಂಡಿ ಖಾಲಿ ಮಾಡಿಸಲು ಹುಲ್ಲಪ್ಪ ಅವತ್ತೇ ಆಳು ಹುಡುಕಲು ಹೊರಟ. ಹಿರಿಯನೊಬ್ಬ ತಡೆದ.

"ಆಳು ಹಚ್ಚಂಗಿಲ್ಲ. ಯಾವ ಹೆಂಗಸರು ಆ ಒಲಿ ಮ್ಯಾಲೆ ಅಡಗಿ ಮಾಡಿ ನೀಡ್ಯಾರೋ ಅವರ ಅದ ಕೈಲೆ ಹೊರಬೇಕು."

ಹಾಗೆ ತಾಯಿ ಮಗಳು ಬಕೀಟಿನಲ್ಲಿ ಬಗ್ಗಡ ತುಂಬಿ ತಲೆಯ ಮೇಲೆ ಹೊತ್ತರು. ಅದು ಸಗಣಿ ನೀರಿನಂತೆಯೇ ಇತ್ತು, ನಾತವೂ ಅಷ್ಟಿರಲಿಲ್ಲ. ಆದರೂ ಓಣಿಯುದ್ದಕ್ಕೂ ಹೆಂಗಸರು ಸೆರಗು ಮೂಗಿಗೊತ್ತಿ ಬಾಗಿಲಲ್ಲಿ ನಿಂತರು. ನಮಗೂ ಇಂಥದೊಂದು ಒಲೆ ಬೇಕು ಎಂದು ಗಂಡನ ಜೀವ ತಿನ್ನುತ್ತಿದ್ದ ನೆರೆಮನೆಯ ರಾಮವ್ವ ಇವರು ದಾಟಿದ ಜಾಗಕ್ಕೆ ಬೂದಿ ಎರಚಿದಳು. ಮಹಾದೇವಿಯ ಕುತ್ತಿಗೆಗುಂಟ ಬಗ್ಗಡ ಇಳಿದು ಕುಪ್ಪಸ ತೋಯಿತು. ಅವಳು ಅಳಲಿಲ್ಲ, ತಾಯಿಯ ಮುಖವನ್ನೂ ನೋಡಲಿಲ್ಲ.

ಎಲ್ಲಿ ಚೆಲ್ಲಬೇಕು ಎಂಬ ಮಾತು ಬಂದಾಗ ಅಮಸಿದ್ದಪ್ಪ ದೊಡ್ಡ ಮನಸ್ಸು ಮಾಡಿದ. "ನನ್ನ ಹೊಲ ಊರ ಹೊರಗೈತಿ. ಅಲ್ಲೇ ಚೆಲ್ಲಲಿ, ಏನ ಮಾಡೂದು." ಆ ವರ್ಷ ಅವನ ಹತ್ತಿ ಎದೆಮಟ್ಟ ಬೆಳೆಯಿತು.

ಗುಂಡಿಗೆ ಮಣ್ಣು ತುಂಬಿದ ದಿನ ಹುಲ್ಲಪ್ಪ ಹೆಂಡತಿಗೆ ಹೇಳಿದ್ದು ಒಂದೇ ಮಾತು: "ಜೋಡಸ್ರಿ ಅಂದಾಕಿ ನೀನ." ಮಾಯವ್ವ ಮತ್ತೆ ಕಟ್ಟಿಗೆ ಒಟ್ಟಿದಳು.

ಮಹಾದೇವಿಯನ್ನು ಕೇಳಿ ಯಾರೂ ಬರಲಿಲ್ಲ. ಅವಳು ನೀರಿಗೆ ಹೋದರೆ ಹೆಣ್ಣುಮಕ್ಕಳು ಕೊಡ ಎತ್ತಿಕೊಂಡು ಸರಿಯುತ್ತಿದ್ದರು. ಕೊನೆಗೆ ಅಮೀನಗಡದಲ್ಲಿ ಹೆಂಡತಿ ಸತ್ತ, ಎರಡು ಮಕ್ಕಳಿದ್ದ ಒಬ್ಬನಿಗೆ ಕೊಟ್ಟು, ಊರಲ್ಲಿ ಊಟ ಹಾಕದೆ, ಗುಡಿಯೊಂದರ ಮುಂದೆ ತಾಳಿ ಕಟ್ಟಿಸಿದರು. ಸುದ್ದಿ ಅಲ್ಲಿಗೂ ಮುಟ್ಟಿತ್ತು. ಅತ್ತೆ ಬಸಲಿಂಗವ್ವ ಸೊಸೆಯನ್ನು ಬಹಳ ದಿನ ಅಡುಗೆಮನೆಗೆ ಬಿಡಲಿಲ್ಲ.

ಮಾಯವ್ವ ಮಗಳನ್ನು ನೋಡಲು ಮೊದಲ ಸಲ ಹೋದಾಗ ಗೋದಿ ಬೆಲ್ಲದ ಮಾದಲಿ ಮಾಡಿಕೊಂಡು ಹೋಗಿದ್ದಳು. ಮಹಾದೇವಿ ಡಬ್ಬಿಗೆ ಕೈ ಚಾಚಲಿಲ್ಲ. ಒಳಗಿದ್ದ ಅತ್ತೆಗೆ ಕೇಳುವ ಹಾಗೆ ಕೇಳಿದಳು:

"ಯಾವ ಒಲಿ ಮ್ಯಾಲೆ ಮಾಡಿದಿ?"

"ಕಟ್ಟಿಗಿ ಒಲಿ ಮ್ಯಾಲೆ, ಯವ್ವಾ."

"ಬೀರಪ್ಪನ ಆಣಿ ಮಾಡು."

ಮಾಯವ್ವ ಆಣೆ ಮಾಡಿದಳು. ಆಗ ಬಸಲಿಂಗವ್ವ ಹೊರಗೆ ಬಂದು ಡಬ್ಬಿ ತೆಗೆದುಕೊಂಡಳು.

ಬಸ್ಸಿಗೆ ಬಿಡಲು ಮಗಳು ಸ್ಟ್ಯಾಂಡಿನ ತನಕ ಬಂದಳು. ಅಷ್ಟರಲ್ಲಿ ಮಾಯವ್ವ ತಾನೇ ಒಂದು ಸಮಾಧಾನ ಹುಡುಕಿಕೊಂಡಿದ್ದಳು. "ಅತ್ತಿ ಅದಾಳಂತ ಹಂಗ ಕೇಳಿದಿ ಹೌದಿಲ್ಲೋ? ನನಗ ತಿಳೀತೈತಿ ಬಿಡವ್ವ."

"ಅತ್ತಿ ಸಲುವಾಗಿ ಕೇಳಲಿಲ್ಲ," ಅಂದಳು ಮಹಾದೇವಿ. "ನನಗ ನಿನ್ನ ಕೈದು ತಿನ್ನಾಕ ಆಗೂದಿಲ್ಲ. ನಿನ್ನ ಕಣ್ಣ ಸಲುವಾಗಿ ನನ್ನ ಬಾಳೇವು ಸುಟ್ಟಿ. ಇನ್ನ ಬರಬ್ಯಾಡ."

ಬಸ್ಸು ಬಂತು. ಮಾಯವ್ವ ಹತ್ತಿ, ಕಿಟಕಿಯ ಹತ್ತಿರ ಸೀಟು ಹಿಡಿದು ಹೊರಗೆ ನೋಡುವಷ್ಟರಲ್ಲಿ ಮಗಳು ಮನೆಯ ಕಡೆ ಅರ್ಧ ದಾರಿ ಹೋಗಿದ್ದಳು.