ಉಗುರಿಗೆ ಸಿಕ್ಕಿದ ಗೀರು

ಮೂರನೆಯ ಸಲ ಜೀಪಿನಡಿ ಎಣ್ಣೆಯ ಮಚ್ಚೆ ಕಂಡಾಗ ಬ್ಲಾಜೊ ಮೊದಲು ಅನುಮಾನಿಸಿದ್ದು ತನ್ನ ಕಣ್ಣುಗಳನ್ನು.

ಅಂಗೈಯಗಲದ ಮಚ್ಚೆ. ಬೆರಳಿನಿಂದ ಮುಟ್ಟಿ ಮೂಸಿ ನೋಡಿದ. ಗಂಧಕದ ಗಬ್ಬು ವಾಸನೆ, ಗೇರ್ ಆಯಿಲ್. ಹಿಂದಿನ ಡಿಫರೆನ್ಷಿಯಲ್ಲಿನ, ಎಂದರೆ ಹಿಂಚಕ್ರಗಳನ್ನು ತಿರುಗಿಸುವ ಹಲ್ಲುಗಾಲಿ ಡಬ್ಬಿಯ, ಮೂತಿಯಲ್ಲಿ, ಪ್ರೊಪೆಲ್ಲರ್ ಶಾಫ್ಟ್ ಬಂದು ಸೇರುವ ಜಾಗದಲ್ಲಿ, ಜಿನುಗುತ್ತಿತ್ತು. ಅಲ್ಲಿ ಎಣ್ಣೆಯನ್ನು ತಡೆದು ನಿಲ್ಲಿಸುವುದು ಬಳೆಯಂಥ ಒಂದು ರಬ್ಬರ್ ಸೀಲ್. ಏಪ್ರಿಲ್‌ನಲ್ಲಿ ಅದನ್ನು ಕೂರಿಸಿದ್ದು ಬ್ಲಾಜೊ ತಾನೇ. ಆಗ ಅವನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಜೂನ್‌ನಲ್ಲಿ ಪೊದ್ಗೊರಿತ್ಸಾದ ಆಸ್ಪತ್ರೆಯಲ್ಲಿ ಪೊರೆ ತೆಗೆಸಿಕೊಂಡು ಬಂದ ಮೇಲೆ ಡಾಕ್ಟರು ಎರಡು ತಿಂಗಳು ಬಗ್ಗಬಾರದು, ಭಾರ ಎತ್ತಬಾರದು ಎಂದಿದ್ದರು. ಜುಲೈನಲ್ಲಿ ಎರಡು ಸಲ ಸೋರಿದಾಗ ಮಗಳು ಯಾಗ್ಲಿಕಳೇ ಆಯಿಲ್ ತುಂಬಿಸಿದ್ದಳು. ಅವನು ಕುರ್ಚಿಯಲ್ಲಿ ಕೂತು, ‘ನನ್ನ ಕೆಲಸವೇ ಕೆಟ್ಟಿತೇನೋ’ ಎಂದುಕೊಂಡಿದ್ದ. ಇಪ್ಪತ್ತೆಂಟು ವರ್ಷ ತಾಂತ್ರಿಕ ಶಾಲೆಯಲ್ಲಿ ಯಂತ್ರಶಾಸ್ತ್ರ ಕಲಿಸಿದವನಿಗೆ ಆ ಯೋಚನೆ ಅಷ್ಟು ಸುಲಭದ್ದಲ್ಲ.

ಇವತ್ತು ಗಡುವು ಮುಗಿದಿತ್ತು. ಬೆಳಗಿನ ಕಾಫಿ ಆದದ್ದೇ ಜೀಪಿನ ಹಿಂಭಾಗಕ್ಕೆ ಜಾಕ್ ಕೊಟ್ಟು, ಕೆಳಗೆ ಮರದ ದಿಮ್ಮಿ ಇಟ್ಟು, ಹಳೆಯ ಕಂಬಳಿಯ ಮೇಲೆ ಬೆನ್ನು ಹಚ್ಚಿ ಒಳಕ್ಕೆ ಜಾರಿದ. ನಾಳೆ ಬೆಳಿಗ್ಗೆ ಯಾಗ್ಲಿಕ ಇದೇ ಜೀಪಿನಲ್ಲಿ ಸಿನ್ಯಾಯೆವಿನಾದ ಹುಲ್ಲುಗಾವಲಿಗೆ ಹತ್ತಬೇಕು. ಅಲ್ಲಿ ಬೇಸಿಗೆ ಗುಡಿಸಲಲ್ಲಿ ಅವನ ಹೆಂಡತಿ ಕುರಿಗಳ ಜೊತೆಗಿದ್ದಾಳೆ. ಹಿಟ್ಟು, ಉಪ್ಪು ಮೇಲಕ್ಕೆ; ಚೀಸು, ಕೆನೆಯ ಮರಿಗೆಗಳು ಕೆಳಕ್ಕೆ. ದಿನ ಬಿಟ್ಟು ದಿನ, ಹದಿನಾಲ್ಕು ತಿರುವಿನ ಕಲ್ಲುದಾರಿ.

ಪ್ರೊಪೆಲ್ಲರ್ ಶಾಫ್ಟಿನ ನಾಲ್ಕು ಬೋಲ್ಟ್ ಬಿಚ್ಚಿ ಪಕ್ಕಕ್ಕೆ ಕಟ್ಟಿದ. ನಡುವಿನ ದೊಡ್ಡ ನಟ್ಟನ್ನು ಬಟ್ಟೆಯಿಂದ ಒರೆಸಿ ಟಾರ್ಚ್ ಹಿಡಿದ. ಈ ನಟ್ಟನ್ನು ಬಿಚ್ಚುವ ಮೊದಲು ಅದರ ಮೇಲೂ ಒಳಗಿನ ಶಾಫ್ಟಿನ ತುದಿಯ ಮೇಲೂ ಸೇರಿ ಬರುವಂತೆ ಒಂದು ಗೆರೆ ಕೊರೆಯುವುದು ಅವನ ಪದ್ಧತಿ. ತಿರುಗಿ ಬಿಗಿಯುವಾಗ ಗೆರೆ ಗೆರೆಗೆ ಕೂಡಬೇಕು; ಕಾಲು ಸುತ್ತು ಹೆಚ್ಚಾದರೂ ಒಳಗಿನ ಬೇರಿಂಗ್ ಹಾಳು. ಏಪ್ರಿಲ್‌ನಲ್ಲೂ ಕೊರೆದಿದ್ದ. ಕಣ್ಣು ಮಂಜಾಗಿದ್ದರಿಂದ ಎರಡೆರಡು ಸಲ, ಆಳವಾಗಿ ಕೊರೆದಿದ್ದ.

ಗೆರೆ ಇರಲಿಲ್ಲ.

ಸವೆದಿರಬಹುದೆಂದು ಸಮಾಧಾನ ಹೇಳಿಕೊಂಡ. ಉಕ್ಕಿನ ಮೇಲಿನ ಗೆರೆ ನಾಲ್ಕು ತಿಂಗಳಿಗೆ ಹೇಗೆ ಸವೆಯುತ್ತದೆ ಎಂದು ತಲೆಯೊಳಗಿನ ಮೇಷ್ಟ್ರು ಕೇಳಿದರು. ನಟ್ಟು ಬಿಚ್ಚಿದ, ಅದರ ಹಿಂದಿನ ಬಿಲ್ಲೆಯಂಥ ಫ್ಲ್ಯಾಂಜನ್ನು ಎಳೆದು ಹೊರತೆಗೆದ. ರಬ್ಬರ್ ಸೀಲು ಸುತ್ತುವರಿದು ಕೂರುವ ಅದರ ಕತ್ತಿನ ಮೇಲೆ ಹೆಬ್ಬೆರಳ ಉಗುರನ್ನು ಆಡಿಸಿದ. ಉಗುರು ಸಿಕ್ಕಿಕೊಂಡಿತು. ಸುತ್ತಲೂ ಒಂದು ಗೀರು, ವರ್ಷಗಟ್ಟಲೆ ರಬ್ಬರಿನ ತುಟಿ ಉಜ್ಜಿ ಉಜ್ಜಿ ಕೊರೆದ ಕಾಲುವೆ. ಹೀಗೆ ಗೀರು ಬಿದ್ದ ಕತ್ತಿನ ಮೇಲೆ ಎಷ್ಟು ಹೊಸ ಸೀಲು ಹಾಕಿದರೂ ಎಣ್ಣೆ ನಿಲ್ಲುವುದಿಲ್ಲ.

ಏಪ್ರಿಲ್‌ನಲ್ಲಿ ಈ ಕತ್ತು ಕನ್ನಡಿಯಂತೆ ನುಣುಪಾಗಿತ್ತು. ಅದನ್ನು ಅವನು ಕಣ್ಣಿನಿಂದಲ್ಲ, ಇದೇ ಉಗುರಿನಿಂದ ನೋಡಿದ್ದ.

ಜೂನ್‌ನಲ್ಲಿ ಆಸ್ಪತ್ರೆಯಲ್ಲಿದ್ದ ನಾಲ್ಕು ದಿನ ಜೀಪಿನ ಕೀಲಿ ಒಬ್ಬನ ಬಳಿ ಇತ್ತು. ವುಕೋತ. ಕೂಮ.

ಯಾಗ್ಲಿಕಳಿಗೆ ಮೂರು ತುಂಬಿದಾಗ ಅವಳ ಮೊದಲ ಕೂದಲು ಕತ್ತರಿಸಿದವನು ವುಕೋತ. ಆ ಕತ್ತರಿ ಆಡಿದ ದಿನದಿಂದ ಅವನೂ ಬ್ಲಾಜೊನೂ ಕೂಮಂದಿರು, ರಕ್ತಸಂಬಂಧಕ್ಕಿಂತ ಹತ್ತಿರದ ನಂಟರು; ಎರಡು ಮನೆ ಒಂದಾದವು. ಕೂಮನನ್ನು ಅನುಮಾನಿಸುವುದಿಲ್ಲ, ಕೂಮ ಮುಟ್ಟಿದ್ದನ್ನು ಮತ್ತೆ ಪರೀಕ್ಷೆ ಮಾಡುವುದಿಲ್ಲ. ಹಾಗೆ ಮಾಡಿದವನ ಮುಖವನ್ನು ಊರಿನಲ್ಲಿ ಯಾರೂ ನೋಡುವುದಿಲ್ಲ. ಆಸ್ಪತ್ರೆಗೆ ತನ್ನ ಗಾಡಿಯಲ್ಲಿ ಕರೆದುಕೊಂಡು ಹೋದವನು, ಕಣ್ಣಿಗೆ ಪಟ್ಟಿ ಕಟ್ಟಿದವನ ಕೈ ಹಿಡಿದು ಮೆಟ್ಟಿಲಿಳಿಸಿದವನು ವುಕೋತ. ಮನೆಗೆ ಬಂದು ಕೀಲಿಯನ್ನು ಮೇಜಿನ ಮೇಲಿಟ್ಟಾಗ ಬ್ಲಾಜೊ ಜೀಪಿನ ಕಡೆ ತಿರುಗಿಯೂ ನೋಡಿರಲಿಲ್ಲ.

ವುಕೋತನ ಬಳಿಯೂ ಇಂಥದೇ ಜೀಪಿತ್ತು, ಇದಕ್ಕಿಂತ ಎಂಟು ವರ್ಷ ಹಳೆಯದು. ಹಿಂದಿನ ಡಿಫರೆನ್ಷಿಯಲ್ ತೋಳದ ಹಾಗೆ ಊಳಿಡುತ್ತಿತ್ತು. ಜುಲೈನಲ್ಲಿ ಅದನ್ನು ನಿಕ್ಷಿಚ್‌ನ ಪ್ರವಾಸಿಗರ ಗಾಡಿ ಓಡಿಸುವವನೊಬ್ಬನಿಗೆ ಮಾರಿದ್ದ.

ಅನುಮಾನಕ್ಕೂ ಅಳತೆಗೂ ವ್ಯತ್ಯಾಸವಿದೆ. ಬ್ಲಾಜೊ ಎದ್ದು ಸೀಮೆಸುಣ್ಣ ತಂದ. ಹೊಸ ಮಾದರಿಯಲ್ಲಿ ಚಕ್ರ ಹತ್ತು ಸುತ್ತಿದರೆ ಶಾಫ್ಟು ನಲವತ್ತೊಂದು ಸುತ್ತುತ್ತದೆ, ಹಳೆಯದರಲ್ಲಿ ನಲವತ್ತಮೂರು. ಫ್ಲ್ಯಾಂಜನ್ನು ತಿರುಗಿ ಕೂರಿಸಿ ಅದರ ಮೇಲೆ ಗುರುತು ಹಾಕಿದ. ಒಂದು ಚಕ್ರವನ್ನು ನೆಲಕ್ಕೆ ಬಿಟ್ಟು ಇನ್ನೊಂದನ್ನು ಎತ್ತಿ ತಿರುಗಿಸುವಾಗ ಲೆಕ್ಕ ಇಮ್ಮಡಿ: ಚಕ್ರಕ್ಕೆ ಇಪ್ಪತ್ತು ಸುತ್ತು. ತಿರುಗಿಸಿದ, ಎಣಿಸಿದ. ನಲವತ್ತಮೂರು. ತಪ್ಪಿರಬೇಕೆಂದು ಇನ್ನೊಂದು ಸಲ ಎಣಿಸಿದ. ಮುಂದಿನ ಡಿಫರೆನ್ಷಿಯಲ್ಲಿಗೂ ಹಾಗೇ ಮಾಡಿದ. ನಲವತ್ತೊಂದು.

ಕಡಿದಾದ ತಿರುವುಗಳಲ್ಲಿ ಯಾಗ್ಲಿಕ ಮುಂದಿನ ಹಿಂದಿನ ಚಕ್ರಗಳನ್ನು ಒಟ್ಟಿಗೆ ಬಿಗಿಯುವ ಲಿವರ್ ಎಳೆಯುತ್ತಾಳೆ. ಎಳೆಯಲು ಕಲಿಸಿದ್ದೂ ಅವನೇ. ಹಿಂದೊಂದು ಲೆಕ್ಕ, ಮುಂದೊಂದು ಲೆಕ್ಕ ಇರುವ ಜೀಪಿನಲ್ಲಿ ಲಿವರ್ ಎಳೆದರೆ ಎರಡೂ ಒಂದನ್ನೊಂದು ಜಗ್ಗಾಡುತ್ತವೆ, ಒಳಗೆಲ್ಲೋ ಒಂದು ಹಲ್ಲು ಮುರಿಯುವವರೆಗೆ. ಜೂನ್‌ನಿಂದ ಅವಳು ಮೂವತ್ತು ಸಲವಾದರೂ ಆ ದಾರಿ ಇಳಿದಿದ್ದಾಳೆ.

ಹತ್ತು ಗಂಟೆಗೆ ವುಕೋತ ಬಂದ, ದಿನಾ ಬರುವ ಹಾಗೆ. ಕಂಕುಳಲ್ಲಿ ಪ್ಲಮ್ ಹಣ್ಣಿನ ಬುಟ್ಟಿ. ಅಂಗಳದ ಕಟ್ಟೆಯ ಮೇಲೆ ಕೂತು ಕಾಲು ಚಾಚಿದ.

“ಏನ್ ಕೂಮ, ಡಾಕ್ಟ್ರು ಬಿಟ್ಟಿದ್ದೇ ತಡ ಕೆಳಗೆ ನುಗ್ಗಿದ್ಯಾ? ಹೊಸ ಕಣ್ಣು ಸಿಕ್ಕಿದ್ದು ಎಣ್ಣೆ ಮುಖಕ್ಕೆ ಬಳ್ಕೊಳ್ಳೋಕಾ?”

“ಹಿಂದಿನ ಸೀಲು ಸೋರ್ತಿದೆ.”

“ಸೋರದೆ ಏನು. ಆ ವಯಸ್ಸಿಗೆ ನಾನೂ ಸೋರ್ತೀನಿ, ನೀನೂ ಸೋರ್ತೀಯ.” ಅವನೇ ನಕ್ಕ. “ಹೊಸದೊಂದು ಹಾಕು, ಮುಗೀತು.”

“ಫ್ಲ್ಯಾಂಜಲ್ಲಿ ಗೀರು ಬಿದ್ದಿದೆ.”

ವುಕೋತ ಒಂದು ಹಣ್ಣನ್ನು ಅಂಗಿಗೆ ಉಜ್ಜಿ ಕಚ್ಚಿದ. “ಬಿದ್ದಿರತ್ತೆ.”

“ಏಪ್ರಿಲ್‌ನಲ್ಲಿ ಇರಲಿಲ್ಲ. ನಾನು ಹಾಕಿದ ಗುರುತೂ ಇಲ್ಲ. ಸುತ್ತು ಎಣಿಸ್ದೆ. ಮುಂದೆ ನಲವತ್ತೊಂದು, ಹಿಂದೆ ನಲವತ್ತಮೂರು.” ಬ್ಲಾಜೊ ಬಟ್ಟೆಯಲ್ಲಿ ಒಂದೊಂದೇ ಬೆರಳು ಒರೆಸಿಕೊಂಡ. “ಇದು ನಿನ್ನ ಜೀಪಿಂದು, ಕೂಮ.”

ಕಚ್ಚಿದ ಹಣ್ಣು ಕೈಯಲ್ಲೇ ಉಳಿಯಿತು. ವುಕೋತ ಬೀಜವನ್ನು ಉಗುಳಿ ಗೇಟಿನ ಕಡೆ ತಿರುಗಿದ.

“ಆ ನಿಕ್ಷಿಚ್‌ನವನು ಊಳಿಡೋ ಗಾಡಿ ಬೇಡ ಅಂದ,” ಎಂದ. “ನೀನು ಎಷ್ಟು ಓಡಿಸ್ತೀಯ ಹೇಳು. ಇಲ್ಲಿಂದ ಚರ್ಚಿಗೆ, ಚರ್ಚಿಂದ ಇಲ್ಲಿಗೆ.”

“ಕೇಳಿದ್ರೆ ಬಿಚ್ಚಿ ಕೊಡ್ತಿದ್ದೆ.”

“ಕೊಡ್ತಿದ್ದೆ, ಗೊತ್ತು. ಜೊತೆಗೆ ಒಂದು ಗಂಟೆ ಪಾಠ ಮಾಡ್ತಿದ್ದೆ. ಎಣ್ಣೆ ಬದಲಾಯಿಸ್ಲಿಲ್ಲ, ಅದಕ್ಕೇ ಹಲ್ಲು ಸವೀತು ಅಂತ. ಇಪ್ಪತ್ತು ವರ್ಷದಿಂದ ನಿನ್ನ ಹತ್ರ ಏನು ಇಸ್ಕೊಂಡ್ರೂ ಪಾಠದ ಸಮೇತ ಇಸ್ಕೊಂಡಿದೀನಿ, ಮಾರಾಯ. ಒಂದ್ಸಲನಾದ್ರೂ ಪಾಠ ಬೇಡ ಅನ್ನಿಸ್ತು.”

ಅದರಲ್ಲಿ ಸುಳ್ಳಿರಲಿಲ್ಲ. ಬ್ಲಾಜೊಗೆ ಅದು ತಟ್ಟಿತು ಕೂಡ. ತಾನು ಕೊಟ್ಟ ಪಾಠಗಳು ಒಂದೆರಡು ನೆನಪಾದವು, ಅವುಗಳ ದನಿಯೂ ನೆನಪಾಯಿತು. ಇಷ್ಟೇ ಆಗಿದ್ದರೆ ಬೈದು, ಸಂಜೆಯೊಳಗೆ ಒಂದು ಲೋಟ ರಾಕಿಯಾ ಸಾರಾಯಿ ಕುಡಿದು ಮುಗಿಸಬಹುದಿತ್ತು.

“ಈ ಜೀಪನ್ನ ಓಡಿಸೋದು ಯಾರು ಅಂತ ನಿನಗೆ ಗೊತ್ತಿತ್ತು,” ಎಂದ. “ಲಿವರ್ ಎಳೆದ್ರೆ ಏನಾಗತ್ತೆ ಅಂತಾನೂ ಗೊತ್ತಿತ್ತು. ಮೂವತ್ತು ವರ್ಷ ಮರ ಸಾಗಿಸೋ ಲಾರಿ ಓಡಿಸಿದೋನು ನೀನು.”

“ಹುಷಾರಾಗಿ ಓಡಿಸ್ತಾಳೆ ಹುಡುಗಿ. ಏನೂ ಆಗ್ಲಿಲ್ವಲ್ಲ.”

“ನೀನೇ ಹೇಳು ಅವಳಿಗೆ. ನಾನು ಬಾಯಿ ಬಿಡಲ್ಲ. ನಿನ್ನ ಬಾಯಿಂದ ನೀನು ಹೇಳಿದ್ರೆ ಇವತ್ತಿಗೆ ಇದು ಮುಗೀತು. ನಾವು ಕೂಮಂದಿರಾಗಿಯೇ ಇರ್ತೀವಿ.”

ಅವನಿಗೆ ಬೇಕಾಗಿದ್ದುದು ಅಷ್ಟೇ. ಹೋದ ಡಿಫರೆನ್ಷಿಯಲ್ ಹೋಗಲಿ, ಕಬ್ಬಿಣ ಇನ್ನೊಂದು ಸಿಗುತ್ತದೆ. ಕೂಮ ಇನ್ನೊಬ್ಬ ಸಿಗುವುದಿಲ್ಲ. ವುಕೋತ ತಲೆಯಾಡಿಸಿದ.

ಯಾಗ್ಲಿಕ ಮಾರುಕಟ್ಟೆಯಿಂದ ಹಿಟ್ಟಿನ ಚೀಲ ಹೊತ್ತು ಬಂದಳು. ಕೂಮನನ್ನು ಕಂಡು ಚೀಲ ಇಳಿಸಿ, ಬಗ್ಗಿ ಅವನ ಎರಡೂ ಕೆನ್ನೆಗೆ ಮುತ್ತು ಕೊಟ್ಟು, ಬುಟ್ಟಿಯಿಂದ ಒಂದು ಹಣ್ಣು ಎತ್ತಿಕೊಂಡಳು.

“ಏನಾಗಿದೆ ಅಪ್ಪ? ನಾಳೆ ಹೊತ್ತಿಗೆ ಆಗತ್ತಾ?”

ಬ್ಲಾಜೊ ವುಕೋತನ ಕಡೆ ನೋಡಿದ.

ವುಕೋತ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದ. “ಆಕ್ಸಲ್ ಒಳಗೆ ಹಾಳಾಗಿದೆ, ಮಗಳೇ. ನಾಳೆ ಹೋಗ್ಬೇಡ.” ಕಣ್ಣನ್ನು ಜೀಪಿನ ಕಡೆ ತಿರುಗಿಸಿದ. “ಏಪ್ರಿಲ್‌ನಲ್ಲಿ ನಿಮ್ಮಪ್ಪನಿಗೆ ಪೊರೆ ಇತ್ತಲ್ಲ. ಕಾಣ್ದೇ ಇದ್ದಾಗ ಕೈ ಹಾಕಿದ್ದಾನೆ, ಏನೋ ತಪ್ಪಾಗಿದೆ. ಅವನ ಮೇಲೆ ಕೋಪ ಮಾಡ್ಕೋಬೇಡ.”

ಜುಲೈನಿಂದ ತಾನೇ ತನ್ನ ಬಗ್ಗೆ ಕುರ್ಚಿಯಲ್ಲಿ ಕೂತು ಅಂದುಕೊಂಡ ಮಾತನ್ನೇ ಕೂಮ ಎತ್ತಿ ಬಳಸಿದ್ದ. ಆ ಮಾತನ್ನು ಅವನೊಬ್ಬನ ಬಳಿ ಮಾತ್ರ ಹೇಳಿಕೊಂಡಿದ್ದೆನೆಂಬುದು ಬ್ಲಾಜೊಗೆ ಆಗ ಹೊಳೆಯಿತು. ಜುಲೈನಲ್ಲಿ, ಎರಡನೆಯ ಸಲ ಸೋರಿದ ದಿನ, ಇದೇ ಅಂಗಳದಲ್ಲಿ.

ಯಾಗ್ಲಿಕ ತಂದೆಯನ್ನು ನೋಡಿದಳು. “ಹೌದಾ, ಅಪ್ಪ?”

ಬಾಯಿ ಬಿಡುವುದಿಲ್ಲವೆಂದು ಮಾತು ಕೊಟ್ಟಿದ್ದ. “ಇಲ್ಲಿ ಬಾ,” ಎಂದಷ್ಟೇ ಹೇಳಿದ. “ಚಕ್ರ ನಾನು ತಿರುಗಿಸ್ತೀನಿ. ಸೀಮೆಸುಣ್ಣದ ಗುರುತು ಎಷ್ಟು ಸಲ ಮೇಲೆ ಬರತ್ತೆ, ಎಣಿಸು.”

ಅವಳು ಬಗ್ಗಿ ಎಣಿಸಿದಳು. ಚಿಕ್ಕಂದಿನಿಂದ ಗ್ಯಾರೇಜಿನಲ್ಲಿ ಬೆಳೆದವಳು. ಯಾವ ಮಾದರಿಗೆ ಯಾವ ಲೆಕ್ಕವೆಂದು ಬಾಯಿಪಾಠ. ಮೂವತ್ತರ ತನಕ ಜೋರಾಗಿ ಎಣಿಸುತ್ತಿದ್ದವಳು ಆಮೇಲೆ ದನಿ ತಗ್ಗಿಸಿದಳು. ನಲವತ್ತೊಂದು ದಾಟಿದ ಮೇಲೆ ತುಟಿ ಮಾತ್ರ ಆಡಿತು.

“ಜೂನ್‌ನಲ್ಲಿ ಊಳಿಡ್ತಿದೆ ಅಂತ ನಿನಗೆ ಹೇಳಿದ್ದೆ, ಕೂಮ,” ಎಂದಳು ನೆಟ್ಟಗಾಗುತ್ತ. “ಟೈರಿನ ಶಬ್ದ ಅಂದೆ ನೀನು. ಅಪ್ಪನಿಗೆ ಹೇಳ್ಬೇಡ, ಕಣ್ಣು ವಾಸಿಯಾಗ್ಲಿ, ಸುಮ್ನೆ ಬಗ್ತಾನೆ ಅಂದೆ.”

“ಅದು ಅವನ ಒಳ್ಳೇದಕ್ಕೇ...”

“ನಾನು ಹೇಳ್ಲಿಲ್ಲ. ನೀನು ಹೇಳಿದ್ದಕ್ಕೆ ಅಪ್ಪನ ಹತ್ರ ಮುಚ್ಚಿಟ್ಟೆ.”

ಆ ವಿಷಯ ಬ್ಲಾಜೊಗೆ ಗೊತ್ತಿರಲಿಲ್ಲ. ಕಬ್ಬಿಣವನ್ನು ಬದಲಿಸಿದ್ದು ನಾಲ್ಕು ದಿನದ ಕೆಲಸ; ಮಗಳ ಬಾಯಿ ಕಟ್ಟಿದ್ದು ಎರಡು ತಿಂಗಳು ನಡೆದಿತ್ತು. ಅವಳು ಅರ್ಧ ತಿಂದ ಹಣ್ಣನ್ನು ಬುಟ್ಟಿಯ ಅಂಚಿನಲ್ಲಿಟ್ಟು, ಹಿಟ್ಟಿನ ಚೀಲ ಎತ್ತಿಕೊಂಡು, ಇನ್ನೊಂದು ಮಾತಿಲ್ಲದೆ ಮನೆಯೊಳಗೆ ಹೋದಳು.

ವುಕೋತ ಎದ್ದು ನಿಂತ. “ಬೇರೆ ಒಂದು ಹುಡುಕಿ ತಂದು ಕೊಡ್ತೀನಿ, ಕೂಮ. ಒಂದು ವಾರದಲ್ಲಿ.”

“ನಾಳೆ ಕುದುರೆ ಮೇಲೆ ಸಾಮಾನು ಕಳಿಸ್ತೀನಿ,” ಎಂದ ಬ್ಲಾಜೊ. “ಡಿಫರೆನ್ಷಿಯಲ್ ನಾನೇ ನೋಡ್ಕೋತೀನಿ.”

“ಏನಾದ್ರೂ ಅನ್ನು, ಮಾರಾಯ. ಬೈಯಾದ್ರೂ ಬೈ. ಪಾಠನಾದ್ರೂ ಮಾಡು.”

ಬ್ಲಾಜೊ ಸ್ಪ್ಯಾನರ್ ಕೈಗೆತ್ತಿಕೊಂಡ. ಕಂಬಳಿಯ ಮೇಲೆ ಬೆನ್ನು ಹಚ್ಚಿ ಜೀಪಿನ ಕೆಳಗೆ ಜಾರಿದ, ಡಿಫರೆನ್ಷಿಯಲ್ಲನ್ನು ಹಿಡಿದ ಮೊದಲ ಬೋಲ್ಟಿಗೆ ಅದನ್ನು ಕೊಟ್ಟ. ಮನೆಗೆ ಬಂದ ಕೂಮನನ್ನು ದಾರಿಯ ತನಕ ಬಿಟ್ಟು ಬರಬೇಕು, ಮಳೆಯಿರಲಿ, ಹಿಮವಿರಲಿ; ಒಂದು ದಿನವೂ ಅದು ತಪ್ಪಿರಲಿಲ್ಲ. ಕೆಳಗಿನಿಂದ ಅವನಿಗೆ ವುಕೋತನ ಬೂಟುಗಳು ಮಾತ್ರ ಕಾಣುತ್ತಿದ್ದವು. ಅವು ಗೇಟಿನವರೆಗೆ ಹೋದವು, ಅಲ್ಲಿ ನಿಂತವು, ಇತ್ತ ತಿರುಗಿದವು. ಬ್ಲಾಜೊ ಸ್ಪ್ಯಾನರನ್ನು ಇನ್ನೊಂದು ಕಾಲು ಸುತ್ತು ಎಳೆದ. ಬೂಟುಗಳು ಬಹಳ ಹೊತ್ತು ಅಲ್ಲೇ ಇದ್ದವು.