ಕೆಂಪು ಪೆನ್ಸಿಲ್ಲಿನ ಓದು

ನಮ್ಮ ಸೋದರಮಾವ ಕೊಟ್ಟೂರಪ್ಪ ಸುಳ್ಳನ್ನು ಸಹಿಸುತ್ತಾನೆ, ತಪ್ಪನ್ನು ಸಹಿಸುವುದಿಲ್ಲ. ಈ ಗುಟ್ಟು ನನಗೆ ತಡವಾಗಿ ಗೊತ್ತಾಯಿತು. ಗೊತ್ತಾದ ಮೇಲೆ ಬಿಡಲಿಲ್ಲ, ಚೆನ್ನಾಗಿಯೇ ಬಳಸಿಕೊಂಡೆ. ಎದುರಿಗೆ ಅವನಿಗೆ ಬಹುವಚನ ಕೊಡುತ್ತೇನೆ. ಇಲ್ಲಿ ಏಕವಚನ ಸಾಕು.

ದಾವಣಗೆರೆಯ ಮಂಡಿಪೇಟೆಯ ಹಿಂದಿನ ಓಣಿಯಲ್ಲಿ ಅವನದು ಹಗ್ಗ, ಗೋಣಿಚೀಲದ ಅಂಗಡಿ. ಅಂಗಡಿಯ ಪಕ್ಕಕ್ಕೇ ಗೋದಾಮು, ಹಿಂದೆ ಮನೆ. ವಯಸ್ಸು ಎಪ್ಪತ್ತು. ಓದು ಪಿಯುಸಿಗೆ ನಿಂತಿತು, ಇತಿಹಾಸದ ಹುಚ್ಚು ಮಾತ್ರ ನಿಲ್ಲಲಿಲ್ಲ. ಕಾದಂಬರಿ ಕೈಗೆ ಬಂದರೆ ಸಾಕು, ಕಿವಿಯ ಸಂದಿಯಿಂದ ಕೆಂಪು ಪೆನ್ಸಿಲ್ ಇಳಿಯುತ್ತದೆ. ಹನ್ನೆರಡನೇ ಶತಮಾನದ ಅರಸನೊಬ್ಬ ಊಟಕ್ಕೆ ಕೂತು ಹಸಿ ಮೆಣಸಿನಕಾಯಿ ಕಚ್ಚಿದರೆ ಇವನು ಪುಸ್ತಕವನ್ನು ತೊಡೆಯ ಮೇಲೆ ಕುಕ್ಕಿ, "ಪೋರ್ಚುಗೀಸರು ಬರಕ್ಕೆ ಇನ್ನೂ ಮುನ್ನೂರೈವತ್ತು ವರ್ಷ ಐತೆ, ಈ ಮಾರಾಯಗೆ ಮೆಣಸಿನಕಾಯಿ ಯಾರು ತಂದುಕೊಟ್ರು?" ಎನ್ನುತ್ತಾನೆ. ಹೊಯ್ಸಳರ ಸೈನಿಕನ ಬುತ್ತಿಯಲ್ಲಿ ಶೇಂಗಾ ಚಟ್ನಿ ಕಟ್ಟಿಕೊಟ್ಟ ಲೇಖಕರೊಬ್ಬರನ್ನು ಅವರದೇ ಪುಸ್ತಕ ಬಿಡುಗಡೆಯಲ್ಲಿ ಎದ್ದು ನಿಂತು ಬೆವರಿಳಿಸಿದ್ದ. ಪಾಪ, ಆ ಮನುಷ್ಯ ಆಮೇಲೆ ದಾವಣಗೆರೆ ಕಡೆ ತಲೆ ಹಾಕಲಿಲ್ಲ. ಇನ್ನು ಈಗಿನ ಕಾಲದ ಕಾದಂಬರಿಗಳೆಂದರೆ ಅವನಿಗೆ ಅಸಡ್ಡೆ. "ಸಾಕ್ಷಿ ಇಲ್ಲದ ಕೇಸು" ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುತ್ತಾನೆ.

ಹರಿಹರೇಶ್ವರ ಗುಡಿಯ ಶಾಸನಗಳನ್ನು ಓದಲು ತಿಂಗಳಿಗೊಮ್ಮೆ ಹರಿಹರಕ್ಕೆ ಬರುತ್ತಿದ್ದ. ಕಲ್ಲಿನ ಮೇಲೆ ಬೆರಳಾಡಿಸುತ್ತಾ ಮಧ್ಯಾಹ್ನವಿಡೀ ಕೂರುತ್ತಿದ್ದ. ನಮ್ಮ ಮನೆ ಅಲ್ಲಿಂದ ಮೂರು ಓಣಿ ಆಚೆಗೆ ಇತ್ತು. ಅವ್ವ ಬದುಕಿರುವ ತನಕ ಒಂದು ಸಲವೂ ಅವನು ಆ ಮೂರು ಓಣಿ ದಾಟಲಿಲ್ಲ.

ಅವ್ವ ಎಂದರೆ ಅವನ ಒಬ್ಬಳೇ ತಂಗಿ ಗುರುಶಾಂತಮ್ಮ. ಕುಕ್ಕುವಾಡದ ನಾಯಕ ಜಾತಿಯ ಹುಡುಗ ತಿಮ್ಮೇಶನನ್ನು, ಅಂದರೆ ಹರಿಹರದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ನಮ್ಮಪ್ಪನನ್ನು, ಮದುವೆಯಾಗಿ ಮನೆ ಬಿಟ್ಟವಳು. ಎರಡು ವರ್ಷದ ಮೇಲೆ ಅಜ್ಜ ಹಾಸಿಗೆ ಹಿಡಿದ. ಸಾಯುವ ಮುಂಚೆ ಮಗಳ ಮುಖ ನೋಡಬೇಕು ಎಂದನಂತೆ. ಮಾವ ಹರಿಹರಕ್ಕೆ ಹೋಗಿ ಹೇಳಿದನಂತೆ, ಅವ್ವ "ನನಗೆ ಅಪ್ಪ ಇಲ್ಲ" ಎಂದಳಂತೆ, ಇವನು ಬಂದು ಅಜ್ಜನಿಗೆ ಅದನ್ನೇ ಹೇಳಿದನಂತೆ. ಅಜ್ಜ ಗೋಡೆಯ ಕಡೆ ಹೊರಳಿ ಮಲಗಿದವನು ಮೂರನೇ ದಿನಕ್ಕೆ ಹೋದ. ಇದು ಆ ಮನೆಯಲ್ಲಿ ಮೂವತ್ತೆರಡು ವರ್ಷದಿಂದ ನಡೆದು ಬಂದ ಇತಿಹಾಸ.

ಅವ್ವ ಸಾಯುವ ಮುಂಚೆ ನನಗೆ ಬೇರೆಯದನ್ನೇ ಹೇಳಿದಳು. ಯಾರೂ ಹೇಳಕ್ಕೆ ಬಂದಿರಲಿಲ್ಲ. ಎರಡೂ ಊರಿನಲ್ಲಿ ಬಳೆ ಮಾರುತ್ತಿದ್ದ ಸುಗ್ರಾಬಿ ಸುದ್ದಿ ಕೊಟ್ಟಳು. ಏಳು ತಿಂಗಳ ಕೂಸಾದ ನನ್ನನ್ನು ಎತ್ತಿಕೊಂಡು ಅವ್ವ ಬಸ್ಸು ಹತ್ತಿದಳು. ಗೋದಾಮಿನ ಬಾಗಿಲಲ್ಲೇ ಅಣ್ಣ ತಡೆದು, ಅಪ್ಪ ನಿನ್ನ ಮುಖ ನೋಡಲ್ಲ ಅಂತಾನೆ ಎಂದ. ಜಿಟಿಜಿಟಿ ಮಳೆಯಲ್ಲಿ ದೀಪ ಹಚ್ಚುವ ಹೊತ್ತಿನವರೆಗೆ ಮೆಟ್ಟಿಲ ಮೇಲೆ ಕೂತಿದ್ದು ಎದ್ದು ಬಂದಳು. "ನಮ್ಮವ್ವಗೆ ಇದ್ಯಾವುದೂ ಗೊತ್ತಿಲ್ಲ ಕಣೆ," ಎಂದಳು ಅಜ್ಜಿಯ ವಿಷಯಕ್ಕೆ. "ಗೊತ್ತಿದ್ರೆ ಬರಿಗಾಲಾಗೆ ಓಡಿ ಬರ್ತಿದ್ಲು."

ಅವ್ವನ ತಿಥಿಯಾದ ವರ್ಷದಲ್ಲಿ ನನ್ನ ಕಥೆಯೊಂದಕ್ಕೆ ಬಹುಮಾನ ಬಂತು. ಪೇಪರಿನಲ್ಲಿ ಫೋಟೊ ನೋಡಿದ ಮಾವ ತಾನಾಗಿಯೇ ಫೋನ್ ಮಾಡಿ, "ನಮ್ಮ ಓದುಗರ ಬಳಗಕ್ಕೆ ಬಾರವ್ವ" ಎಂದ. ಹಾಗೆ ನಾನು ಆ ಮನೆಯ ಹೊಸ್ತಿಲು ದಾಟಿದೆ. ತಿಂಗಳ ಮೊದಲ ಭಾನುವಾರ ಪಡಸಾಲೆಯಲ್ಲಿ ಹತ್ತು ಹನ್ನೆರಡು ಜನ ಸೇರುತ್ತಾರೆ, ಮಂಡಕ್ಕಿ ಮಿರ್ಚಿ ಆಗುತ್ತದೆ, ಮಾವ ಮಾತಾಡುತ್ತಾನೆ. ಎಂಬತ್ತೆಂಟರ ಅಜ್ಜಿ ಅಡುಗೆಮನೆ ಬಾಗಿಲ ಪಕ್ಕ ಬೆತ್ತದ ಕುರ್ಚಿಯಲ್ಲಿ ಕೂತಿರುತ್ತಾಳೆ. ಕಣ್ಣು ಮಂಜು, ಕಿವಿ ಮಾತ್ರ ಚುರುಕು. ನನಗೆ ನೀಲಿ ಅಂಚಿನ ಪಿಂಗಾಣಿ ಲೋಟದಲ್ಲಿ ಚಾ ಕೊಡಿಸುತ್ತಾಳೆ. ಹೊರಡುವಾಗ, "ಲೋಟ ತೊಳೆದಿಟ್ಟು ಹೋಗವ್ವ" ಎನ್ನುತ್ತಾಳೆ. ಬೇರೆ ಯಾರಿಗೂ ಹಾಗೆ ಹೇಳುವುದಿಲ್ಲ. ಮನೆಮಗಳ ಸಲುಗೆ ಎಂದು ನನಗೆ ಒಳಗೊಳಗೇ ಹಿಗ್ಗು.

ಒಂದು ದಿನ ಧೈರ್ಯ ಮಾಡಿ, ಅವ್ವನ ಫೋಟೊ ಕಟ್ಟು ಹಾಕಿಸಿ ತಂದಿದ್ದೇನೆ, ಅಜ್ಜನ ಪಟದ ಪಕ್ಕ ಇಡೋಣವೇ ಎಂದು ಕೇಳಿದೆ.

"ಅಪ್ಪನ ಸಾವಿಗೆ ಬರದಾಕಿ ಪಟ ನಮ್ಮ ಮನೆಯಾಗ ಬ್ಯಾಡ," ಎಂದಳು ಅಜ್ಜಿ.

"ಅಜ್ಜಿ, ಆಕಿ ಬಂದಿದ್ಲು." ಅವ್ವ ಹೇಳಿದ್ದನ್ನೆಲ್ಲ ಹೇಳಿದೆ.

"ನಿಮ್ಮವ್ವ ಸುಳ್ಳು ಹೇಳ್ಯಾಳ. ನನ್ನ ಮಗ ಒಂದು ತಾರೀಕು ತಪ್ಪಿದ್ರೆ ನಿದ್ದೆ ಮಾಡಲ್ಲ. ಅವನ ಬಾಯಾಗ ಸುಳ್ಳು ಬರಲ್ಲ."

ನಿಜವನ್ನು ಅವನ ಬಾಯಿಂದಲೇ ಹೊರಡಿಸುತ್ತೇನೆ, ನಿನ್ನ ಕಿವಿಗೇ ಬೀಳಿಸುತ್ತೇನೆ, ಆಮೇಲೆ ಅದೇ ಗೋಡೆಗೆ ಅವ್ವನ ಪಟ ಹೊಡೆಯುತ್ತೇನೆ ಎಂದು ಮನಸ್ಸಿನಲ್ಲೇ ಹಟ ಹಿಡಿದೆ. ಕಾದಂಬರಿ ಶುರುವಾದದ್ದು ಹಾಗೆ. ಸಾಹಿತ್ಯ ಸೇವೆ ಎಂದು ಯಾರಾದರೂ ಅಂದರೆ ನಗು ಬರುತ್ತದೆ.

ಎರಡು ವರ್ಷ ಬರೆದೆ. ಕಾಲೇಜಿನ ಪಾಠ ಮುಗಿಸಿ ಬಂದು ಬರೆದೆ. ಅವ್ವ ಮೆಟ್ಟಿಲ ಮೇಲೆ ಕೂತ ಆ ದಿನಕ್ಕೆ ಒಂದೇ ಪುಟ ಕೊಟ್ಟೆ, ನೂರ ಹನ್ನೆರಡನೇ ಪುಟ. ಅದರಲ್ಲಿ ಅವ್ವ ಹೇಳಿದ ಒಂದೊಂದನ್ನೂ ಬೇಕೆಂದೇ ಕೆಡಿಸಿದೆ. ಮಳೆಯನ್ನು ಬಿಸಿಲು ಮಾಡಿದೆ, ಸೀರೆಯ ಬಣ್ಣ ಬದಲಿಸಿದೆ, ಮಧ್ಯಾಹ್ನದಿಂದ ಸಂಜೆಯ ತನಕ ಕೂತವಳನ್ನು ಐದು ನಿಮಿಷಕ್ಕೆ ಎಬ್ಬಿಸಿ ಕಳಿಸಿದೆ. ಇಲಿಗೆ ಬೋನು ಇಡುವಾಗ ಕೊಬ್ಬರಿ ಹದವಾಗಿ ಸುಡಬೇಕಲ್ಲ, ಅಷ್ಟೇ ಎಂದು ಸಮಾಧಾನ ಮಾಡಿಕೊಂಡೆ.

ಅಚ್ಚಿಗೆ ಕೊಡುವ ಮುಂಚೆ ಹಸ್ತಪ್ರತಿಯನ್ನು ಮಾವನ ಕೈಗಿಟ್ಟು, ತಿದ್ದಿ ಕೊಡ್ರಿ ಎಂದೆ. ಹದಿನೈದು ದಿನಕ್ಕೆ ವಾಪಸ್ಸು ಬಂತು. ನಲವತ್ತೊಂದು ತಪ್ಪು, ಒಂದೊಂದಕ್ಕೂ ಅಂಕಿ ಹಾಕಿದ್ದಾನೆ. ಯಾವ ಸಿನಿಮಾ ಟಾಕೀಸು ಯಾವ ವರ್ಷ ಮುಚ್ಚಿತು, ಯಾವ ಕಾರ್ಖಾನೆಯ ಕೂಗು ಎಷ್ಟು ಗಂಟೆಗೆ ಆಗುತ್ತಿತ್ತು, ಎಲ್ಲಾ. ನಾನು ನೂರ ಹನ್ನೆರಡನೇ ಪುಟ ತೆಗೆದೆ. ಒಂದು ಗೆರೆ ಇಲ್ಲ, ಚುಕ್ಕೆ ಇಲ್ಲ. ಮುದುಕ ವಾಸನೆ ಹಿಡಿದಿದ್ದ.

ಮುಂದಿನ ಭಾನುವಾರ ಅವನ ಉಪನ್ಯಾಸ. "ಐತಿಹಾಸಿಕ ಮತ್ತು ಸಮಕಾಲೀನ ಕಾದಂಬರಿಗಳು: ನನ್ನ ಓದು" ಎಂದು ಹಲಗೆಯ ಮೇಲೆ ಸುಣ್ಣದಕಡ್ಡಿಯಲ್ಲಿ ತಾನೇ ಬರೆದಿದ್ದ. ಮೊದಲ ಮುಕ್ಕಾಲು ಗಂಟೆ ಹಳೆಯ ಅರಸರನ್ನೂ ಅವರ ಕಾದಂಬರಿಕಾರರನ್ನೂ ಹುರಿದು ಮುಕ್ಕಿದ. ಅಮಾವಾಸ್ಯೆಯ ದಿನ ಬೆಳದಿಂಗಳು ಸುರಿಸಿದವರಿಗೆ ಮಂಗಳಾರತಿಯಾಯಿತು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ನನ್ನ ಹಸ್ತಪ್ರತಿ ಎತ್ತಿಕೊಂಡು ಒಂದೊಂದೇ ತಪ್ಪು ಓದಿದ. ನಲವತ್ತೊಂದೂ ಮುಗಿದ ಮೇಲೆ ನೀರು ಕುಡಿದ.

"ಮಾವ, ನೂರ ಹನ್ನೆರಡನೇ ಪುಟದಾಗ ಒಂದೂ ಗೆರೆ ಇಲ್ಲಲ್ರಿ," ಎಂದೆ. "ಅದು ಪೂರಾ ಸರಿ ಐತೇನ್ರಿ?"

"ಅದು ಕಲ್ಪನೆ. ಕಲ್ಪನೆಗೆ ನಾನು ಕೈ ಹಾಕಲ್ಲ."

"ಉಳಿದ ನಲವತ್ತೊಂದು ಏನ್ರಿ ಮತ್ತೆ?"

ಜನ ನಕ್ಕರು. ಅವನ ಗೆಳೆಯ ನಾಗರಾಜಪ್ಪನವರು, ತಾಲ್ಲೂಕು ಕಚೇರಿಯಲ್ಲಿದ್ದು ನಿವೃತ್ತರಾದವರು, ಕಾಲೆಳೆಯುವ ಅವಕಾಶ ಬಿಡುವವರಲ್ಲ. "ಓದವ್ವ, ಓದು. ಕೊಟ್ಟೂರಪ್ಪಾರ ಕೈಯಾಗ ಪಾಸಾದ ಪುಟ ಹೆಂಗೈತೆ ಅಂತ ನಾವೂ ಕೇಳೋಣ."

ನಿಧಾನವಾಗಿ ಓದಿದೆ. "ಶ್ರಾವಣದ ಉರಿಬಿಸಿಲು. ಹಸಿರು ಸೀರೆಯುಟ್ಟ ಅವಳು ಕೂಸನ್ನೆತ್ತಿಕೊಂಡು ಗೋದಾಮಿನ ಮುಂದೆ ನಿಂತಳು. ಅಪ್ಪ ನಿನ್ನ ಮುಖ ನೋಡಲ್ಲ ಅಂತಾನೆ ಎಂದು ಅಣ್ಣ ಶಟರ್ ಎಳೆದ. ಎಲ್ಲಾ ಸೇರಿ ಐದೇ ನಿಮಿಷ. ಅವಳು ತಿರುಗಿಯೂ ನೋಡದೆ ಬಸ್ಸಿಗೆ ಹೊರಟುಹೋದಳು."

"ಬಾಳ ಚೆನ್ನಾಗೈತೆ," ಎಂದರು ನಾಗರಾಜಪ್ಪನವರು.

ನಾನು ಆ ಹಾಳೆಯನ್ನು ಮಾವನ ಮುಂದಿಟ್ಟು ಕೆಂಪು ಪೆನ್ಸಿಲ್ ಕೈಗೆ ಕೊಟ್ಟೆ. "ತಪ್ಪಿಲ್ಲ ಅಂತ ಬರೆದು ಸಹಿ ಹಾಕಿಕೊಡ್ರಿ ಮಾವ. ಪುಸ್ತಕದಾಗ ಹಾಕಿಸ್ತೀನಿ."

ಪೆನ್ಸಿಲ್ ಹಾಳೆಯ ಮೇಲೆ ಊರಿತು. ಅಲ್ಲೇ ನಿಂತಿತು. ಕಿವಿ ಕೆಂಪಾಯಿತು. ಎಪ್ಪತ್ತು ವರ್ಷದಲ್ಲಿ ಅವನು ತಪ್ಪಿನ ಕೆಳಗೆ ಸಹಿ ಹಾಕಿದವನಲ್ಲ.

"ಶಟರ್ ಎಲ್ಲಿತ್ತು ಆಗ?" ಎಂದ, ಮೆಲ್ಲಗೆ. "ಶಟರ್ ಹಾಕ್ಸಿದ್ದು ತೊಂಬತ್ತೆಂಟರಾಗ. ಮೊದಲಿದ್ದಿದ್ದು ಹಲಗೆ ಬಾಗಿಲು."

"ಹಂಗಾದ್ರೆ ಅಣ್ಣ ಹಲಗೆ ಬಾಗಿಲು ಮುಚ್ಚಿದ ಅಂತ ಬರೀತೀನ್ರಿ."

"ಮುಚ್ಚಿದ ಅಂತ ಹೆಂಗೆ ಬರೀತಿ? ಮಳೆಗೆ ಹಲಗೆ ಉಬ್ಬಿ ಕೂಡ್ತಾ ಇರ್ಲಿಲ್ಲ. ಎಷ್ಟು ಒತ್ತಿದ್ರೂ ನಾಲ್ಕು ಬೆರಳು ಸಂದಿ ಉಳಿಯೋದು."

"ಮಳೆ ಇಲ್ಲಲ್ರಿ ಮಾವ. ಬಿಸಿಲು."

"ಎಲ್ಲಿ ಬಿಸಿಲು? ಮುಂಜಾನೆಯಿಂದ ಜಿಟಿಜಿಟಿ! ಹೊಸ ಗೋಣಿ ಇನ್ನೂರು ನೆಂದು ಹಾಳಾದವು. ಹಸಿರು ಸೀರೆ ಅಂತೆ! ಬೂದಿ ಬಣ್ಣದ್ದು, ಕೆಂಪು ಅಂಚು, ಅಪ್ಪಾನೇ ಕೊಡ್ಸಿದ್ದು. ಐದು ನಿಮಿಷ ಅಂತ ಬರಿಯಕ್ಕೆ ನಿನಗೆ ನಾಚಿಕೆ ಆಗ್ಬೇಕು. ದೀಪ ಹಚ್ಚೋತನಕ ಕೂತಿದ್ಲು ಆ ಮೆಟ್ಲ ಮ್ಯಾಲೆ, ಕೂಸಿಗೆ ಸೆರಗು ಹೊದಿಸ್ಕೊಂಡು. ಸಂದಿಯಾಗಿಂದ ನಾನೇ..."

ಅಲ್ಲಿಗೆ ನಿಂತ. ಪೆನ್ಸಿಲ್ ಇನ್ನೂ ಹಾಳೆಯ ಮೇಲೆಯೇ ಇತ್ತು.

ನಾಗರಾಜಪ್ಪನವರು ಮಂಡಕ್ಕಿಯ ತಟ್ಟೆಯನ್ನು ಸದ್ದಾಗದಂತೆ ಕೆಳಗಿಟ್ಟರು. ನನಗೆ ಆದ ಖುಷಿಯನ್ನು ಮುಚ್ಚಿಡುವುದಿಲ್ಲ. ಮುದುಕನ ಮುಖದ ರಕ್ತ ಇಳಿದದ್ದನ್ನು ಕಣ್ಣು ತುಂಬಾ ನೋಡಿದೆ. ಇನ್ನಷ್ಟು ಇಳಿಯಲಿ ಅನಿಸಿತು. ಚೀಲದಿಂದ ಅವ್ವನ ಫೋಟೊ ತೆಗೆದು ಅಜ್ಜಿಯ ಕುರ್ಚಿಯ ಹತ್ತಿರ ಹೋದೆ.

"ಕೇಳಿದ್ಯಾ ಅಜ್ಜಿ? ನಮ್ಮವ್ವ ಬಂದಿದ್ಲು."

ಅಜ್ಜಿ ನನ್ನ ಕಡೆ ನೋಡಲಿಲ್ಲ. ಮಗನ ದನಿ ಬಂದ ಕಡೆಗೆ ಮುಖ ತಿರುಗಿಸಿದಳು.

"ಕೊಟ್ರಾ, ನೀನೂ ತಪ್ಪು ಹೇಳ್ತಿ," ಎಂದಳು. "ದೀಪ ಹಚ್ಚೋತನಕ ಅಲ್ಲ. ಹಚ್ಚಿದ ಮ್ಯಾಲೂ ಕೂತಿದ್ಲು. ಅಡಿಗೆಮನೆ ದೀಪ ಹಾಕಿದಾಕಿ ನಾನು. ಕಿಟಕಿ ಬೆಳಕು ಮೆಟ್ಲ ಮ್ಯಾಲೆ ಬಿತ್ತು, ಆಕಿ ತಲೆ ಎತ್ತಿ ನೋಡಿದ್ಲು. ನಾನು ಕಿಟಕಿ ಹಾಕ್ಕಂಡೆ. ಆಮೇಲೆ ಎದ್ದು ಹೋದ್ಲು."

ಮಾವ ಪೆನ್ಸಿಲ್ ಎತ್ತಿಕೊಂಡ. ಅಭ್ಯಾಸ ಎಷ್ಟು ಕೆಟ್ಟದ್ದು ನೋಡಿ: ನೂರ ಹನ್ನೆರಡನೇ ಪುಟದ ಅಂಚಿನಲ್ಲಿ ನಲವತ್ತೆರಡು ಎಂದು ಅಂಕಿ ಹಾಕಿ, ತಾಯಿ ಹೇಳಿದ್ದನ್ನು ಸಣ್ಣ ಅಕ್ಷರದಲ್ಲಿ ಬರೆಯತೊಡಗಿದ.

ನಾನು ಫೋಟೊ ಹಿಡಿದುಕೊಂಡೇ ನಿಂತಿದ್ದೆ. ಅವ್ವ ತಲೆ ಎತ್ತಿ ನೋಡಿದ್ದಳು. ಕಿಟಕಿ ಮುಚ್ಚಿದ್ದು ಯಾರ ಕೈ ಎಂದು ಅವಳಿಗೆ ಗೊತ್ತಿತ್ತು. ನನಗೆ ಹೇಳಿದ್ದರಲ್ಲಿ ಮಳೆ ಸರಿ, ಸೀರೆ ಸರಿ, ಹೊತ್ತು ಹೆಚ್ಚೂ ಕಡಿಮೆ ಸರಿ. ಒಂದೇ ಒಂದನ್ನು ಅವಳು ನನಗೋಸ್ಕರ ತಿದ್ದಿದ್ದಳು. ನಾನು ಅದನ್ನು ಹನ್ನೆರಡು ಜನರ ಮುಂದೆ ಕೆದಕಿ ಹೊರಗೆ ಹಾಕಿದೆ.

"ಯಾಕಜ್ಜಿ?" ಎಂದೆ. "ನೀನು ಹೆತ್ತ ಮಗಳು. ಒಂದು ಸಲ ಒಳಗೆ ಕರೆದಿದ್ರೆ ಏನಾಗ್ತಿತ್ತು?"

"ಒಬ್ಳೇ ಬಂದಿದ್ರೆ ಕರೀತಿದ್ದೆ," ಎಂದಳು ಅಜ್ಜಿ. ಬೈಗುಳವಿರಲಿಲ್ಲ, ಸಿಟ್ಟೂ ಇರಲಿಲ್ಲ, ಅಂಗಡಿಯಲ್ಲಿ ಹಗ್ಗದ ರೇಟು ಹೇಳಿದ ಹಾಗೆ ಹೇಳಿದಳು. "ನಿನ್ನ ಎತ್ಕೊಂಡು ಬಂದ್ಲು."

ಕುರ್ಚಿಯ ಕಾಲಿನ ಹತ್ತಿರ ನನ್ನ ನೀಲಿ ಅಂಚಿನ ಲೋಟವಿತ್ತು. ಉಳಿದವರ ಸ್ಟೀಲ್ ಲೋಟಗಳೆಲ್ಲ ತಟ್ಟೆಯಲ್ಲಿ ಒಟ್ಟಿಗೆ ಇದ್ದವು. ಮೂರು ವರ್ಷದಿಂದ ಅವು ಹಾಗೇ ಇದ್ದವು, ನಾನು ಮೂರು ವರ್ಷದಿಂದ ನೋಡುತ್ತಲೇ ಇದ್ದೆ.

ಫೋಟೊವನ್ನು ಚೀಲಕ್ಕೆ ಹಾಕಿಕೊಂಡೆ. ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟಿದ್ದೆ, ಹಿಂದಿನಿಂದ ಅಜ್ಜಿ ದಿನದಂತೆಯೇ ಕರೆದಳು.

"ಲೋಟ ತೊಳೆದಿಟ್ಟು ಹೋಗವ್ವ."

ಹಿತ್ತಿಲಿಗೆ ಹೋದೆ. ಕೈ ತಾನಾಗಿಯೇ ನಲ್ಲಿ ತಿರುಗಿಸಿತು. ತೊಳೆದೆ, ಕಟ್ಟೆಯ ಮೇಲೆ ಬೋರಲು ಹಾಕಿದೆ.